ಲೆಕ್ಕಕ್ಕೆ ಬಾರದ ನಾಲ್ಕು ದಿನ

"ನಿಮ್ಮ ಮೊಟ್ಟೆ ಆಗ್ಲೇ ಹೋಗೈತಲ್ರೀ," ಎಂದರು ಡಾಕ್ಟರಮ್ಮ.

ಹೀಗೇ ಅಂದರೋ, "ಒಡೆದೈತೆ" ಅಂದರೋ, ಈಗ ಖಚಿತವಿಲ್ಲ. ಮೊದಲು ಇಂಗ್ಲಿಷಿನಲ್ಲಿ ಏನೋ ಹೇಳಿದರು ಎಂಬುದು ನನ್ನ ಗಂಡನ ವಾದ. ಆದರೆ ಗಂಡ ನಿಂತಿದ್ದು ಪರದೆಯ ಆಚೆ. ಈಚೆ, ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದ್ದವಳು ನಾನು. ಹಾಗಾಗಿ ನನ್ನ ನೆನಪೇ ಇರಲಿ.

ಆ ಬೆಳಿಗ್ಗೆ ನಾವು ದಾವಣಗೆರೆಯ ಆ ಆಸ್ಪತ್ರೆಗೆ ಹೋದದ್ದು ಮಗುವಿಗಾಗಿ ಬೇರೊಬ್ಬ ಹೆಂಗಸಿನ ಮೊಟ್ಟೆ ಕೇಳುವುದಕ್ಕೆ. ನನಗೆ ಮೂವತ್ತನಾಲ್ಕು, ಮದುವೆಯಾಗಿ ಆರು ವರ್ಷ. ನನ್ನೊಳಗೆ ಮೊಟ್ಟೆ ಬಲಿಯುವುದೇ ಇಲ್ಲ, ನನ್ನ ದೇಹದಿಂದ ಮಗು ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಯಾವ ಡಾಕ್ಟರೂ ಹೇಳಿದ್ದಲ್ಲ. ಪಟ್ಟಿ ಹೇಳಿತ್ತು. ಮೂತ್ರದಲ್ಲಿ ಅದ್ದುವ ಪಟ್ಟಿ. ಎರಡನೆಯ ಗೆರೆ ಮೊದಲನೆಯದರಷ್ಟು ಗಾಢವಾದರೆ ಒಂದೆರಡು ದಿನದಲ್ಲಿ ಮೊಟ್ಟೆ ಬಿಡುಗಡೆಯಾಗುತ್ತದೆ ಎಂದರ್ಥ. "ಹನ್ನೊಂದನೇ ದಿನದಿಂದ ನೋಡ್ರಿ ಅಕ್ಕಾ," ಎಂದು ಮೆಡಿಕಲ್ ಶಾಪಿನವನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ನೋಡಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ, ತಿಂಗಳಿಗೆ ಐದಾರು ಪಟ್ಟಿ. ಆ ಗೆರೆ ಒಮ್ಮೆಯೂ ಗಾಢವಾಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಗಂಡ ಎಷ್ಟು ಹೇಳಿದರೂ ನಾನು ಒಪ್ಪಿರಲಿಲ್ಲ. ಪಟ್ಟಿ ಹೇಳಿದ್ದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇಡವಾಗಿತ್ತು. ಕೊನೆಗೆ ಬೇರೆಯವರ ಮೊಟ್ಟೆ ತರಿಸೋಣ ಎಂದವಳೂ ನಾನೇ.

"ಬೇರೆಯವರದ್ದು ಆಮೇಲೆ, ಮೊದ್ಲು ನಿಮ್ದು ನೋಡಾಣ," ಎಂದು ಡಾಕ್ಟರಮ್ಮ ಸ್ಕ್ಯಾನಿಂಗಿಗೆ ಮಲಗಿಸಿದ್ದರು.

"ಹೋಗೈತೆ ಅಂದ್ರೆ? ಇತ್ತಾ?" ಎಂದೆ.

"ಇರದೇ ಹೆಂಗೆ ಹೋಗ್ತೈತೆ? ನಿನ್ನೆನೋ ಇವತ್ ಬೆಳಗ್ಗೆನೋ ಬಿಡುಗಡೆ ಆಗೈತೆ. ಇಲ್ನೋಡ್ರಿ, ಗುಳ್ಳೆ ಒಡೆದ ಗುರುತು. ಇವತ್ತು ಎಷ್ಟನೇ ದಿನ ಅಂದ್ರಿ?"

"ಹನ್ನೊಂದು."

"ಯಾವತ್ತಿಂದ?"

"ನೀರು ಹಾಕ್ಕೊಂಡಾಗಿಂದ."

ಡಾಕ್ಟರಮ್ಮನ ಕೈ ನಿಂತಿತು. "ನೀರು ಎಷ್ಟನೇ ದಿನಕ್ಕೆ ಹಾಕ್ಕೊಂತೀರಿ?"

"ಐದಕ್ಕೆ."

"ಹಂಗಾರೆ ಇವತ್ತು ಹದಿನೈದು ರೀ. ಮುಟ್ಟು ಕಂಡ ದಿನಾನೇ ಒಂದು. ಸ್ನಾನದ ದಿನ ಅಲ್ಲ."

ಹೊದಿಸಿದ್ದ ಹಸಿರು ಬಟ್ಟೆ ಜಾರಿತು. ಎಳೆದುಕೊಳ್ಳಲು ಕೈ ಬರಲಿಲ್ಲ.

ನನ್ನ ತವರು ಭಾನುವಳ್ಳಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ನೀರು ಹಾಕ್ಕೊಂಡು ಎಷ್ಟ್ ದಿನಾತು?" ಅದಕ್ಕೆ ಮುಂಚಿನ ನಾಲ್ಕು ದಿನ ಯಾರ ಲೆಕ್ಕಕ್ಕೂ ಇಲ್ಲ. ಗಂಡನ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಅಲ್ಲಿ ಕ್ಯಾಲೆಂಡರ್ ತೂಗುವುದು ಅಡುಗೆಮನೆಯಲ್ಲಿ, ದೇವರ ಗೂಡಿನ ಪಕ್ಕ. ಆ ನಾಲ್ಕು ದಿನ ನಾನು ಅಡುಗೆಮನೆಗೆ ಹೋಗುವಂತಿಲ್ಲ. ಐದನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ, ಆ ದಿನದ ಸುತ್ತ ಪೆನ್ನಿನಲ್ಲಿ ಸುತ್ತು ಬರೆಯುತ್ತಿದ್ದೆ. ಸುತ್ತಿನಿಂದ ಸುತ್ತಿಗೆ ಇಪ್ಪತ್ತೆಂಟು ದಿನ. ತಪ್ಪು ಪ್ರತಿ ತಿಂಗಳೂ ಒಂದೇ ಅಳತೆಯದಾಗಿದ್ದರಿಂದ ಅದು ತಪ್ಪಿನಂತೆ ಕಾಣಲೇ ಇಲ್ಲ. ನಾನು ಮೊದಲ ಪಟ್ಟಿ ಅದ್ದುವ ಹೊತ್ತಿಗೆ ಮೊಟ್ಟೆ ಆಗಲೇ ಹೋಗಿರುತ್ತಿತ್ತು.

ಇನ್ನೊಂದು ತಪ್ಪು ಬಾಕಿಯಿತ್ತು. ಡಾಕ್ಟರಮ್ಮ ಗಂಡನನ್ನು ಒಳಗೆ ಕರೆದು ಕೂರಿಸಿ, ನಾವು ಯಾವ ದಿನಗಳಲ್ಲಿ ಸೇರುತ್ತೇವೆ ಎಂದು ಕೇಳಿದರು. ನನ್ನ ಲೆಕ್ಕದ ಹನ್ನೆರಡರಿಂದ ಹದಿನಾರು, ಎಂದರು ಗಂಡ. ಅದಕ್ಕೆ ಮೊದಲು?

"ಸುಮ್ನಿರ್ತೀವಿ ಮೇಡಂ. ಶಕ್ತಿ ಉಳೀಲಿ ಅಂತ."

"ಯಾರು ಹೇಳಿದ್ದು?"

ಗಂಡ ಹರಿಹರದ ವರ್ಕ್‌ಶಾಪೊಂದರಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುತ್ತಾರೆ. ಹೇಳಿದ್ದು ಪಕ್ಕದ ಮಷಿನ್ನಿನವರು.

"ಮೊಟ್ಟೆ ಉಳಿಯೋದು ಒಂದೇ ದಿನ. ಗಂಡಸರದ್ದು ಒಳಗೆ ಐದು ದಿನದ ತನಕ ಜೀವ ಹಿಡ್ಕೊಂಡು ಇರಬಲ್ದು. ಮೊಟ್ಟೆ ಬರೋಕ್ ಮುಂಚಿನ ದಿನಗಳೇ ಮುಖ್ಯ. ನೀವು ಸರಿಯಾಗಿ ಅವನ್ನೇ ಬಿಟ್ಟೀರಿ."

"ಅಂದ್ರೆ ನಾವು ಬಸ್ ಹೋದ್ಮ್ಯಾಲೆ ಸ್ಟ್ಯಾಂಡಿಗೆ ಹೋಗ್ತಿದ್ವಾ?"

"ತಿಂಗಳು ತಿಂಗಳೂ, ಟೈಮಿಗೆ ಸರಿಯಾಗಿ."

ಗಂಡ ನಕ್ಕರೆಂದು ಬರೆಯಲು ಹೊರಟಿದ್ದೆ. ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. "ಮುಂದಿನ ತಿಂಗಳು ಖಾತ್ರಿ ತಾನೆ?" ಎಂದರು.

"ಖಾತ್ರಿ ಯಾರೂ ಕೊಡಂಗಿಲ್ಲ. ಎಲ್ಲಾ ಸರಿ ಇದ್ದೋರಿಗೂ ಬಹಳಷ್ಟು ತಿಂಗಳು ಗರ್ಭ ನಿಲ್ಲಂಗಿಲ್ಲ. ಮುಟ್ಟಿನ ದಿನ ಮುಗಿದ ಮ್ಯಾಲೆ ದಿನ ಬಿಟ್ಟು ದಿನ ಸೇರ್ರಿ. ನಿಮ್ದೂ ಒಂದು ಪರೀಕ್ಷೆ ಆಗ್ಲಿ. ಆರು ತಿಂಗಳು ನೋಡಾಣ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಅಥವಾ ಅತ್ತೆ ಎಂದರೆ ಅಕ್ಕಿ ಆರಿಸುವ ಮೊರ ನನ್ನ ತಲೆಯಲ್ಲಿ ತಾನಾಗಿ ಬಂದು ಕೂರುತ್ತದೆಯೋ ಏನೋ, ಮೊರವನ್ನು ನಂಬಬೇಡಿ. ಮಾತು ಮಾತ್ರ ನಿಜ.

"ನಮ್ಮ ಕಾಲದಾಗೂ ನೀರು ಹಾಕ್ಕೊಂಡ ದಿನದಿಂದ್ಲೇ ಎಣಿಸ್ತಿದ್ವಿ. ನಂಗೆ ಐದು ಆಗ್ಲಿಲ್ವಾ?"

"ಎಣಿಸಿ ಸೇರ್ತಿದ್ರೇನ್ರಿ ಅತ್ತೆ?"

ಅತ್ತೆ ನನ್ನನ್ನೇ ನೋಡಿದರು. ಸೆರಗು ಬಾಯಿಗೆ ಹೋಯಿತು. "ಎಲ್ಲಿ ಎಣಿಕೆ ಬಿಡೇ! ನಿಮ್ಮ ಮಾವ ಏನು ಕ್ಯಾಲೆಂಡರ್ ನೋಡೋ ಗಂಡಸಾ?"

ಇಬ್ಬರೂ ನಕ್ಕೆವು. ನಗು ಅವರಲ್ಲಿ ಮೊದಲು ನಿಂತಿತು.

"ಹಂಗಾರೆ... ನಾನು ನಿನ್ನ ಒಳಗೆ ಬಿಡದೇ ಇದ್ದಿದ್ಕಾ ಇದೆಲ್ಲಾ?"

ಇಲ್ಲ ಅತ್ತೆ, ನನ್ನದೂ ತಪ್ಪು, ಎಂದು ನಾನು ಹೇಳಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮುಖ ತೊಳೆದುಕೊಂಡೆ.

ಮುಂದಿನ ತಿಂಗಳು ಮುಟ್ಟು ಕಂಡ ದಿನವನ್ನೇ ಒಂದು ಎಂದೆ. ಒಂಬತ್ತನೆಯ ದಿನದಿಂದ ಪಟ್ಟಿ ಅದ್ದಿದೆ. ಹದಿಮೂರನೆಯ ಬೆಳಿಗ್ಗೆ ಎರಡನೆಯ ಗೆರೆ ಮೊದಲನೆಯದಕ್ಕಿಂತ ಗಾಢವಾಗಿ ಮೂಡಿತು. ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ. ಮೂವತ್ತನಾಲ್ಕು ವರ್ಷದ ಈ ದೇಹ ನನಗೆ ಹೇಳದೆ ತನ್ನ ಕೆಲಸ ಮಾಡುತ್ತಲೇ ಇತ್ತು. ಹರಿಹರಕ್ಕೆ ಫೋನ್ ಮಾಡಿದೆ.

"ರೀ, ಬಂತು."

ಮಷಿನ್ ಸದ್ದು. "ಏನ್ ಬಂತು? ಜೋರಾಗಿ ಹೇಳು, ಕೇಳ್ಸಂಗಿಲ್ಲ!"

ಇದನ್ನು ಜೋರಾಗಿ ಹೇಗೆ ಹೇಳುವುದು?

ಇಪ್ಪತ್ತೆಂಟು ದಿನಕ್ಕೆ ಮತ್ತೆ ಮುಟ್ಟಾಯಿತು. ಡಾಕ್ಟರಮ್ಮ ಮೊದಲೇ ಹೇಳಿದ್ದರು, ನಾನು ತಲೆಯಾಡಿಸಿಯೂ ಇದ್ದೆ. ಆದರೂ ಬಚ್ಚಲ ಬಾಗಿಲು ಹಿಡಿದು ನಿಂತೇ ಇದ್ದೆ. ತಪ್ಪು ಸಿಕ್ಕಿತು ಎಂದರೆ ಮಗು ಸಿಕ್ಕಿತು ಎಂದೇ ನಾನು ಒಳಗೊಳಗೆ ನಂಬಿದ್ದೆ.

"ಆ ಬೇರೆಯವರ ಮೊಟ್ಟೆ ವಿಚಾರ... ಕೇಳಾಣೇನು?" ಎಂದರು ಗಂಡ, ತುಂಬ ಮೆಲ್ಲಗೆ.

"ಬ್ಯಾಡ್ರಿ. ಈಗ ಬ್ಯಾಡ. ನಂದು ಐತೆ."

ಇದನ್ನು ಬರೆಯುತ್ತಿರುವುದು ಡಾಕ್ಟರಮ್ಮ ಹೇಳಿದ ಆರು ತಿಂಗಳಲ್ಲಿ ನಾಲ್ಕನೆಯದರ ಹತ್ತನೆಯ ದಿನ, ಮುಟ್ಟು ಕಂಡ ದಿನದಿಂದ ಎಣಿಸಿ. ಮೂರು ಸಲ ಬೆರಳು ಮಡಚಿ ನೋಡಿದ್ದೇನೆ. ಹತ್ತೇ.