ಅಕ್ಕನ ಮಗಳ ಕೆಮಿಸ್ಟ್ರಿ

ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿ ನಮ್ಮ ಮನೆಗೆ ಬಂದಾಗ ನಾವು ಮಂಡ್ಯದ ಗುತ್ತಲಿನಲ್ಲಿ ಬಾಡಿಗೆಗಿದ್ದೆವು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮಗಿರುವುದು ಒಬ್ಬಳೇ ಮಗಳು, ಅವಳಾಗ ಎಂಟನೇ ಕ್ಲಾಸು. ಅಕ್ಕನನ್ನು ಕೊಟ್ಟಿರುವುದು ಹಲಗೂರಿನ ಹತ್ತಿರದ ಹಳ್ಳಿಗೆ. ಭಾವ ಗಾರೆ ಕೆಲಸ ಮಾಡುತ್ತಾರೆ. ಅಕ್ಕ ರೇಷ್ಮೆ ಹುಳು ಸಾಕುವವರ ತೋಟಕ್ಕೆ ಸೊಪ್ಪು ಕುಯ್ಯಲು ಕೂಲಿಗೆ ಹೋಗುತ್ತಾಳೆ.

ಹುಡುಗಿ ಮಳವಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಓದಿದ್ದಳು. ಬೆಳಿಗ್ಗೆ ಬಸ್ಸಲ್ಲಿ ನಿಂತುಕೊಂಡು ಹೋಗಿ, ಸಂಜೆ ನಿಂತುಕೊಂಡೇ ವಾಪಸ್ಸು ಬರುತ್ತಿದ್ದಳು. ಕೆಮಿಸ್ಟ್ರಿ ಎಂದರೆ ಅವಳಿಗೆ ಪ್ರಾಣ. ಲ್ಯಾಬಿನಲ್ಲಿ ತೊಟ್ಟು ತೊಟ್ಟಾಗಿ ದ್ರಾವಣ ಬಿಡುವಾಗ ಕೊನೆಯ ಒಂದು ಹನಿಗೆ ಎಲ್ಲವೂ ತಿಳಿಗುಲಾಬಿಗೆ ತಿರುಗುತ್ತದಲ್ಲ, ಅದನ್ನು ಅಕ್ಕನಿಗೆ ವಿವರಿಸುತ್ತಾ ಕೂತಿದ್ದಳಂತೆ. ಅಕ್ಕ ನನ್ನ ಹತ್ತಿರ, 'ಅದೇನೋ ಬಣ್ಣ ತಿರಿಕತದಂತೆ ಕಣೆ, ಅದ್ಕೆ ಇವ್ಳು ಊಟ ಬುಟ್ಟು ಕುಂತ್ಕತಾಳೆ' ಎಂದಿದ್ದಳು.

ಸರ್ಕಾರಿ ಯೂನಿವರ್ಸಿಟಿಯ ಎಂ.ಎಸ್ಸಿ.ಗೆ ಅರ್ಜಿ ಹಾಕಿಸಬೇಕೆಂದು ಹಟ ಹಿಡಿದವಳು ನಾನು. ನಾನೂ ಅದೇ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಮಾಡಿದವಳು, ಮಂಡ್ಯದಿಂದ ರೈಲಿನಲ್ಲಿ ಓಡಾಡಿಕೊಂಡು. ನಮ್ಮ ಕಾಲಕ್ಕೆ ಅರ್ಜಿ ಹಾಕಿದವರಿಗೆಲ್ಲ ಹೆಚ್ಚುಕಡಿಮೆ ಸೀಟು ಸಿಗುತ್ತಿತ್ತು. ನಮ್ಮ ವಿಭಾಗದ ಗುಮಾಸ್ತರು, 'ನಿಮ್ ಕಡೆ ಇನ್ಯಾರಾದ್ರೂ ಇದ್ರೆ ಬರೋಕೆ ಹೇಳಮ್ಮ, ಎರಡು ಖಾಲಿ ಬಿದ್ದಿವೆ' ಎಂದು ನನ್ನ ಕೈಲೇ ಹೇಳಿ ಕಳಿಸಿದ್ದರು. ದುಡ್ಡಿದ್ದವರ ಮಕ್ಕಳು ಆಗ ಅಲ್ಲಿಗೆ ಬರುತ್ತಿರಲಿಲ್ಲ. ಅವರಿಗೆ ಬೆಂಗಳೂರಿನ ದೊಡ್ಡ ಕಾಲೇಜುಗಳಿದ್ದವು. ಅದನ್ನೇ ತಲೆಯಲ್ಲಿಟ್ಟುಕೊಂಡು ಅಕ್ಕನಿಗೆ, 'ಸೀಟು ಸಿಕ್ಕೇ ಸಿಗುತ್ತೆ. ನಮ್ಮನೇಲೇ ಇರಲಿ' ಎಂದೆ.

ನಮ್ಮ ಮನೆ ಓನರು ಮೇಲಿನ ಮಹಡಿಯಲ್ಲಿದ್ದರು, ಗೌಡರ ಪೈಕಿ. ಮನೆ ಕೊಡುವ ಮುಂಚೆ ನಮ್ಮದು ಯಾವ ಜನ ಎಂದು ಕೇಳಿದ್ದರು. ಬೌದ್ಧರು ಎಂದೆವು. ಎರಡು ದಿನ ಯೋಚನೆ ಮಾಡಿ ಮನೆ ಕೊಟ್ಟರು. ಆಮೇಲೆ ಚೆನ್ನಾಗಿಯೇ ನೋಡಿಕೊಂಡರು. ಅವರ ಮಗಳೂ ಆ ವರ್ಷವೇ ಮಂಡ್ಯದ ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಒಂದು ದಿನ ಓನರ ಹೆಂಡತಿ ನೀರು ಹಿಡಿಯುವಾಗ ಹೇಳಿದರು.

'ನಮ್ ಹುಡ್ಗಿ ಅಣ್ಣನ್ನ ಪ್ರೈವೇಟಲ್ಲೇ ಓದ್ಸುದ್ವು ಟೀಚರಮ್ಮ. ಈಗ ಅಲ್ಲಿ ಕೇಳ ಫೀಜ್ ನೋಡುದ್ರೆ ನಮ್ ಯಜಮಾನ್ರಿಗೆ ನಿದ್ದೆನೇ ಬರಲ್ಲ. ಅದ್ಕೆ ಇವ್ಳ್ದು ಗೌರ್ಮೆಂಟಿಗೇ ಅರ್ಜಿ ಹಾಕ್ಸುದ್ವು.'

'ಅಲ್ಲೂ ಚೆನ್ನಾಗೇ ಹೇಳ್ಕೊಡ್ತಾರೆ' ಎಂದೆ ನಾನು.

'ನಿಮ್ ಹುಡ್ಗಿಗೇನು ಬುಡಿ, ಕೋಟಾ ಐತೆ. ಕಣ್ಮುಚ್ಕಂಡು ಸಿಗುತ್ತೆ.'

ಆ ಮಾತು ಚುಚ್ಚಿತು. ಆದರೆ ಅದು ನಿಜವೆಂದೇ ನಾನೂ ನಂಬಿದ್ದೆ.

ಪ್ರವೇಶ ಪರೀಕ್ಷೆಗೆ ಇಬ್ಬರು ಹುಡುಗಿಯರೂ ಮಹಡಿಯ ಮೇಲೆ ಕೂತು ಒಟ್ಟಿಗೆ ಓದಿದರು. ಓನರ ಮಗಳ ಹತ್ತಿರ ಕೋಚಿಂಗಿನವರು ಕೊಟ್ಟ ದಪ್ಪ ಪುಸ್ತಕಗಳಿದ್ದವು, ಮೊಬೈಲಿನಲ್ಲಿ ಮಾದರಿ ಪರೀಕ್ಷೆಗಳಿದ್ದವು. ನಮ್ಮ ಹುಡುಗಿ ಅಂಥದ್ದನ್ನು ನೋಡಿದ್ದೇ ಮೊದಲು. ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಇನ್ನೊಬ್ಬಳಿಗೆ ಬಿಡಿಸಿ ಹೇಳುತ್ತಲೂ ಇದ್ದಳು. ಆದರೆ ಗಡಿಯಾರ ಇಟ್ಟುಕೊಂಡು ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು ಅವಳ ಕೈಗೆ ಹತ್ತಲಿಲ್ಲ. ಒಂದೊಂದು ಪ್ರಶ್ನೆಯನ್ನೂ ಮೊದಲಿಂದ ಬಿಡಿಸಿಕೊಂಡು ಬರುತ್ತಿದ್ದಳು. 'ಬೇಗ ಕಣೆ, ಬೇಗ' ಎಂದು ಓನರ ಮಗಳು ಅವಸರ ಮಾಡುವುದು ಕೆಳಗಿನ ಅಡುಗೆಮನೆಗೂ ಕೇಳಿಸುತ್ತಿತ್ತು.

ಪರೀಕ್ಷೆ ಮುಗಿದು ರ‍್ಯಾಂಕು ಬಂತು. ನಮ್ಮ ಹುಡುಗಿಯದು ತೀರಾ ಕೆಟ್ಟದ್ದೇನಲ್ಲ. ನಮ್ಮ ಕಾಲದಲ್ಲಾಗಿದ್ದರೆ ಅದಕ್ಕಿಂತ ಎಷ್ಟೋ ಕೆಳಗಿದ್ದವರಿಗೂ ಸಿಗುತ್ತಿತ್ತು.

ಸೀಟು ಹಂಚುವ ದಿನ ಅಕ್ಕ, ಭಾವ ಇಬ್ಬರೂ ಕೂಲಿ ಬಿಟ್ಟು ಬಂದರು. ನಾನು ಶಾಲೆಗೆ ರಜೆ ಹಾಕಿದೆ. ಯೂನಿವರ್ಸಿಟಿಯ ಗೇಟು ದಾಟಿದೆವು. ಮರಗಳ ಕೆಳಗೆ ಉದ್ದಕ್ಕೂ ಕಾರು ನಿಂತಿದ್ದವು. ನಾನು ಓದುವಾಗ ಅಲ್ಲಿ ಮೇಷ್ಟ್ರುಗಳ ಸ್ಕೂಟರು ಬಿಟ್ಟರೆ ಇನ್ನೇನೂ ನಿಲ್ಲುತ್ತಿರಲಿಲ್ಲ. ಸಭಾಂಗಣದಲ್ಲಿ ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಇಸ್ತ್ರಿ ಹಾಕಿದ ಅಂಗಿಯ ಅಪ್ಪಂದಿರು, ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುವ ಅಮ್ಮಂದಿರು. ಪಕ್ಕದಲ್ಲಿ ನಿಂತಿದ್ದ ಬ್ಯಾಂಕಿನವರೊಬ್ಬರು, 'ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಯಾರ್ರೀ ಬರ್ತಿದ್ರು? ಈಗ ನೋಡಿ, ಎಲ್ಲರೂ ಇಲ್ಲೇ' ಎಂದರು. ಬೇಜಾರಿನಿಂದಲೇ ಹೇಳಿದರು. ಅವರ ಮಗನೂ ಸಾಲಿನಲ್ಲಿದ್ದ.

ಎದುರಿನ ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಇಳಿಯುತ್ತಾ ಇತ್ತು. ಓನರ ಮಗಳನ್ನು ಬೇಗನೆ ಕರೆದರು. ಅವಳಿಗೆ ಕೆಮಿಸ್ಟ್ರಿ ಸಿಕ್ಕಿತು. ಓಡಿ ಬಂದು ನಮ್ಮ ಹುಡುಗಿಯ ಕೈ ಹಿಡಿದುಕೊಂಡು, 'ನೀನೂ ಬಾ, ಇಬ್ಬರೂ ಒಂದೇ ಪಾಸಲ್ಲಿ ರೈಲಿಗೆ ಹೋಗಣ' ಎಂದಳು. ಪಾಸು ಹಾಗೆಲ್ಲ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಹುಡುಗಿ ನಕ್ಕಳು.

ನಮ್ಮ ವರ್ಗದ ಸರದಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಕೆಮಿಸ್ಟ್ರಿಯಲ್ಲಿ ಕೊನೆಗೆ ಒಂದು ಸೀಟು ಉಳಿಯಿತು. ಅವಳಿಗಿಂತ ಮುಂದೆ ಒಬ್ಬ ಹುಡುಗನಿದ್ದ. ಅವನ ಅಪ್ಪ ನನಗೆ ಪರಿಚಯದವರು, ನಮ್ಮವರೇ. ದೊಡ್ಡ ಇಲಾಖೆಯಲ್ಲಿ ಅಧಿಕಾರಿ. ಮಂಡ್ಯದಲ್ಲಿ ಅಂಬೇಡ್ಕರ್ ಜಯಂತಿ ದಿನ ಪ್ರತಿ ವರ್ಷ ಸಿಗುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು.

'ಜೈ ಭೀಮ್ ಮೇಡಂ. ಇಲ್ಲೇನು?'

'ಅಕ್ಕನ ಮಗಳು ಸಾರ್.'

'ಒಳ್ಳೇದು, ಒಳ್ಳೇದು. ಇವನ್ನ ಬೆಂಗಳೂರಲ್ಲಿ ಹಾಕ್ಬೇಕು ಅಂತಿದ್ದೆ. ಅವರು ಕೇಳೋದು ನಮ್ಮಂಥೋರಿಗೂ ಆಗಲ್ಲ ಮೇಡಂ. ಇಲ್ಲೇ ಆಗಲಿ ಅಂದೆ.'

ಅವರ ಮಗನ ಹೆಸರು ಕೂಗಿದರು. ಅವನು ಹೋಗಿ ಸಹಿ ಹಾಕಿದ. ಪರದೆಯ ಮೇಲೆ ಸೊನ್ನೆ ಬಂತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಹುಡುಗನ ರ‍್ಯಾಂಕು ಮುಂದಿತ್ತು, ಸೀಟು ಅವನ ಹಕ್ಕು. ನಾನು ಆ ಅಪ್ಪನಿಗೆ ಶುಭಾಶಯ ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಆಮೇಲೆ ನಮ್ಮ ಹುಡುಗಿಯನ್ನು ಕರೆದರು. ನಾವೆಲ್ಲ ಹಿಂದೆಯೇ ಹೋದೆವು. ಮೇಜಿನ ಹಿಂದಿದ್ದವರು ಒಳ್ಳೆಯವರೇ. ತಲೆ ಎತ್ತಿ ನೋಡಿ ಮೆಲ್ಲಗೆ ಹೇಳಿದರು.

'ಫ್ರೀ ಸೀಟು ಮುಗೀತಮ್ಮ. ಪೇಮೆಂಟ್ ಸೀಟು ಇದೆ. ಬೇಕಾ? ಈಗ್ಲೇ ಹೇಳ್ಬೇಕು, ಹಿಂದೆ ಜನ ಇದಾರೆ.'

ಪೇಮೆಂಟ್ ಸೀಟಿನ ಫೀಜು ಎಷ್ಟೆಂದು ಮೇಜಿನ ಮೇಲೆ ಅಂಟಿಸಿದ್ದರು. ಭಾವ ಅದನ್ನು ಓದಿ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಗಂಡನಿಗೆ ಫೋನು ಮಾಡಲೆಂದು ಬ್ಯಾಗಿಗೆ ಕೈ ಹಾಕಿದೆ. ನಾವು ಯಾರಾದರೂ ಬಾಯಿ ಬಿಡುವ ಮೊದಲೇ ಅವಳೇ ಹೇಳಿದಳು.

'ಬ್ಯಾಡ ಸಾರ್. ಮುಂದಿನೋರ್ನ ಕೂಗಿ.'

'ಇರು, ಒಂದ್ನಿಮಿಷ ಇರು' ಎಂದೆ ನಾನು.

'ಬ್ಯಾಡ ಚಿಕ್ಕವ್ವ' ಎಂದು ಅವಳು ಮೇಜು ಬಿಟ್ಟು ಬಂದುಬಿಟ್ಟಳು.

ರೈಲಿನಲ್ಲಿ ಅಕ್ಕ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಬಿಚ್ಚಿದಳು. ನನಗೂ ಭಾವನಿಗೂ ಇಳಿಯಲಿಲ್ಲ. ಹುಡುಗಿ ಮಾತ್ರ ಪೂರ್ತಿ ಊಟ ಮಾಡಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡು, 'ನಾವು ಬರ‍್ದೆ ಇದ್ರೆ ಚೆನ್ನಾಗಿತ್ತು, ನಮ್ ಮೊಕ ನೋಡೇ ಬ್ಯಾಡ ಅಂದ್ಲು' ಎಂದಳು.

ಸಂಜೆ ಓನರ ಹೆಂಡತಿ ಸ್ವೀಟು ತಂದರು. ವಿಷಯ ತಿಳಿದು ಡಬ್ಬ ಕೈಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು. 'ನಮ್ ಮಗೀಗೆ ಹೇಳ್ಕೊಟ್ಟೋಳು ಇವ್ಳು. ಇದೆಂಗಾಯ್ತು?' ಎಂದರು. ಕೋಟಾದ ಮಾತು ಮತ್ತೆ ಎತ್ತಲಿಲ್ಲ. ಹುಡುಗಿಯೇ ಎದ್ದು ಹೋಗಿ ಒಂದು ಮೈಸೂರುಪಾಕು ತೆಗೆದುಕೊಂಡಳು.

ಒಂದು ವರ್ಷ ಬಿಟ್ಟು ಮತ್ತೆ ಬರೆಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆ ಎಂದು ಅವಳು ಊರಿಗೆ ವಾಪಸ್ಸು ಹೋಗಿ, ಅಲ್ಲಿಂದಲೇ ಮದ್ದೂರಿನ ಕಡೆಯ ಗಾರ್ಮೆಂಟ್ಸಿಗೆ ಸೇರಿದಳು. ಹೊಲಿದ ಬಟ್ಟೆಗಳ ದಾರ, ಗುಂಡಿ ಪರೀಕ್ಷಿಸುವ ಕೆಲಸ. ಕತ್ತಲಿರುವಾಗಲೇ ವ್ಯಾನು ಹಳ್ಳಿಗೆ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತದೆ. ಶುರುವಿನಲ್ಲಿ ಊಟದ ಡಬ್ಬದ ಜೊತೆ ಕೆಮಿಸ್ಟ್ರಿ ಪುಸ್ತಕವನ್ನೂ ಒಯ್ಯುತ್ತಿದ್ದಳು. ವ್ಯಾನಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಾರೆ, ದೀಪ ಹಾಕಲು ಬಿಡುವುದಿಲ್ಲ ಎಂದಳು. ಓನರ ಮಗಳು ಮೊದಮೊದಲು ಕ್ಲಾಸಿನ ನೋಟ್ಸನ್ನು ಫೋಟೊ ತೆಗೆದು ಕಳಿಸುತ್ತಿದ್ದಳು. ಅವಳ ಪಾಡೂ ಚೆನ್ನಾಗಿರಲಿಲ್ಲ. ವಿದ್ಯಾರ್ಥಿಗಳು ಹೆಚ್ಚಾದ್ದರಿಂದ ಲ್ಯಾಬಿಗೆ ಪಾಳಿಯಲ್ಲಿ ಬಿಡುತ್ತಿದ್ದರಂತೆ, ಕಾದು ಕಾದು ಸಾಕಾಗಿ ರೈಲು ತಪ್ಪಿಸಿಕೊಂಡು ರಾತ್ರಿ ಬರುತ್ತಿದ್ದಳು. ಬರಬರುತ್ತಾ ಫೋಟೊ ನಿಂತವು.

ಮುಂದಿನ ವರ್ಷ ಅರ್ಜಿ ಕರೆದ ದಿನವೇ ಫೋನು ಮಾಡಿದೆ. ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. 'ಅವ್ಳು ಹಾಕಲ್ವಂತೆ ಕಣೆ' ಎಂದಳು ಅಕ್ಕ. ಭಾನುವಾರ ನಾನೇ ಮಳವಳ್ಳಿ ಮೇಲೆ ಹಲಗೂರಿನ ಬಸ್ಸು ಹತ್ತಿದೆ.

ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಳು. ವಾರಕ್ಕೆ ಅದೊಂದೇ ರಜೆ.

'ಫೀಜು ನಾನು ಕಟ್ತೀನಿ. ಅರ್ಜಿ ಹಾಕು' ಎಂದೆ.

'ಅರ್ಜಿ ಹಾಕದು ದೊಡ್ಡದಲ್ಲ ಚಿಕ್ಕವ್ವ. ಓದಿದ್ದೆಲ್ಲ ಮರ‍್ತೋಯ್ತಾ ಐತೆ. ಈ ಸರ್ತಿ ಇನ್ನೂ ಜಾಸ್ತಿ ಜನ ಬತ್ತಾರಂತೆ. ನೆಪ್ಪಿದ್ದಾಗ್ಲೇ ಆಗ್ನಿಲ್ಲ.'

'ಈಗಿಂದ ಓದಿದ್ರೆ ಆಗುತ್ತೆ.'

'ಯಾವಾಗ ಓದ್ಲಿ?'

ಅಕ್ಕ ಒಳಗಿಂದ ಕಾಫಿ ತಂದಿಟ್ಟು, ಮಾತಿಗೆ ಸೇರದೆ ಹೊರಟುಹೋದಳು. ಬೈದು ನೋಡಿದೆ, ಅಳು ಬರುವಂತೆಯೂ ಮಾತಾಡಿದೆ. ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು. ನಾನು ಕ್ಲಾಸಿನಲ್ಲಿ ಪಾಠ ಮಾಡುವಾಗ ಕೊನೆಯ ಬೆಂಚಿನ ಮಕ್ಕಳು ಹಾಗೆ ತಲೆಯಾಡಿಸುತ್ತಾರೆ.

ಸಂಜೆ ಬಸ್ಸಿನ ತನಕ ಬಿಡಲು ಬಂದಳು. ಹಲಗೂರಿನ ಸ್ಟಾಪಿನಲ್ಲಿ ನಿಂತಾಗ ಕೇಳಿದಳು.

'ಪುಟ್ಟಿ ಈಗ ಒಂಬತ್ನೇ ಕ್ಲಾಸ್ ಅಲ್ವಾ ಚಿಕ್ಕವ್ವ?'

'ಹೂಂ.'

'ಮುಂದುಕ್ಕೆ ಅವ್ಳನ್ನ ಎಲ್ಲಿಗೆ ಹಾಕ್ತೀಯ?'

ಪ್ರೈವೇಟಿಗೆ ಹಾಕುವ ಶಕ್ತಿ ನಮಗೂ ಇರಲಿಲ್ಲ. 'ಇನ್ನೆಲ್ಲಿಗೆ, ಗೌರ್ಮೆಂಟಿಗೇ' ಎಂದೆ.

'ಹಾಕು. ಅವ್ಳಿಗೆ ಸಿಗುತ್ತೆ' ಎಂದಳು. ಅವಳ ದನಿಯಲ್ಲಿ ಸಿಟ್ಟಾಗಲಿ ಕೊಂಕಾಗಲಿ ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಸ್ಸು ಬಂತು, ಹತ್ತಿದೆ. ಮಳವಳ್ಳಿ ದಾಟುವ ತನಕ ಪಕ್ಕದ ಹೆಂಗಸು ಏನೋ ಮಾತಾಡಿಸುತ್ತಲೇ ಇದ್ದಳು. ಏನಂದಳೋ ನೆನಪಿಲ್ಲ.

ಅಕ್ಕನ ಮಗಳು ಈಗಲೂ ಅದೇ ಗಾರ್ಮೆಂಟ್ಸಿನಲ್ಲಿದ್ದಾಳೆ. ಗಂಡು ನೋಡುತ್ತಿದ್ದಾರೆ. ನನ್ನ ಮಗಳು ಸಂಜೆ ಶಾಲೆಯಿಂದ ಬಂದವಳೇ ಕೋಚಿಂಗಿಗೆ ಹೋಗುತ್ತಾಳೆ. ಗಡಿಯಾರ ಇಟ್ಟುಕೊಂಡು ನಾಲ್ಕರಲ್ಲಿ ಒಂದು ಉತ್ತರ ಆರಿಸುವುದನ್ನು ಅಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ. ಅವರಪ್ಪ ಗಾಡಿಯಲ್ಲಿ ಬಿಟ್ಟು ಬರುತ್ತಾರೆ.