ಚಮಚಕ್ಕೆ ಹೆಸರಿಟ್ಟ ಅನುಮಾನಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮಕ್ಕಳ ಆಸ್ಪತ್ರೆಯ ಹಾಲಿನ ಕೋಣೆಯಲ್ಲಿ ಸ್ಟೀಲ್ ಮೇಜು ಒರೆಸಿಯಾಗಿದೆ, ಕುದಿಸಿದ ನೀರು ಆರುತ್ತಿದೆ. ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡ ಐವತ್ತಾರರ ಹೆಂಗಸೊಬ್ಬರು ಹೊಸದಾಗಿ ಬಂದ ಹಾಲಿನ ಪುಡಿಯ ಡಬ್ಬ ತೆರೆದು, ಅದರೊಳಗಿನ ಪ್ಲಾಸ್ಟಿಕ್ ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದಾರೆ. ಡಬ್ಬದ ಬಣ್ಣ ಅದೇ, ಚಿತ್ರ ಅದೇ. ಚಮಚದ ಮೇಲೆ ಮಾತ್ರ ಅವರಿಗೆ ಗುಮಾನಿ.

ಮಟ್ಟಸವಾಗಿ ಹತ್ತು ಚಮಚ ಪುಡಿ ತೆಗೆದು ತಕ್ಕಡಿಗೆ ಸುರಿಯುತ್ತಾರೆ. ಐವತ್ತು ಗ್ರಾಂ ತೂಗಬೇಕಿತ್ತು, ನಲವತ್ತು ತೂಗುತ್ತದೆ. ಇನ್ನೊಂದು ಡಬ್ಬ ತೆರೆಯುತ್ತಾರೆ. ಅದರಲ್ಲೂ ನಲವತ್ತೇ.

"ಚಮಚ ಸಣ್ಣ ಮಾಡಿದಾರೆ. ಹೇಳಿಲ್ಲ ಅಂತಲ್ಲ, ಡಬ್ಬದ ಹಿಂದೆ ಇರುವೆ ಸಾಲಿನ ಥರ ಬರೆದಿದಾರೆ. ಯಾರು ಓದ್ತಾರೆ?" ಎನ್ನುತ್ತಾ ಕನ್ನಡಕ ಹಾಕಿಕೊಂಡು ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ದಾದಿಯರು ಇವರನ್ನು ಕರೆಯುವುದೇ ಅನುಮಾನಕ್ಕ ಎಂದು. ಕರೆದರೆ ಬೇಸರವಿಲ್ಲ, ಓಗೊಡುತ್ತಾರೆ.

ಎರಡು ಮಹಡಿಗಳಲ್ಲಿ ನಲವತ್ತೆರಡು ಕೂಸುಗಳು. ಒಂದೊಂದಕ್ಕೂ ದಿನಕ್ಕೆ ಎಂಟು ಸಲ ಹಾಲು. ಒಟ್ಟು ಮುನ್ನೂರ ಮೂವತ್ತಾರು ಬಾಟಲಿ. ಯಾವ ಕೂಸಿನ ಹಾಲಿಗೆ ಎಷ್ಟು ಚಮಚ ಪುಡಿ ಎಂಬುದನ್ನು ಸ್ಪ್ರೆಡ್‌ಶೀಟ್ ಲೆಕ್ಕ ಹಾಕುತ್ತದೆ. ಮಹಡಿಗೊಂದರಂತೆ ಇರುವ ಆ ಪಟ್ಟಿ ನೋಡಿಕೊಂಡೇ ಇಬ್ಬರು ಹೆಂಗಸರು ಪುಡಿ ಬೆರೆಸುತ್ತಾರೆ. ಆರೂವರೆಗೆ ಮೊದಲ ಗಾಡಿ ಹೊರಡಬೇಕು.

ಪಟ್ಟಿಯ ಸೂತ್ರಗಳಲ್ಲಿ ಎಲ್ಲೂ ಐದು ಎಂಬ ಅಂಕಿ ಇಲ್ಲ. ಅದರ ಬದಲು 'ಚಮಚ' ಎಂದಿದೆ. ಚಮಚ ಎಂದರೆ ಐದು ಗ್ರಾಂ ಎಂದು ಅನುಮಾನಕ್ಕ ಒಂದೇ ಕಡೆ ಹೇಳಿಟ್ಟಿದ್ದಾರೆ. ಅಲ್ಲಿ ತಿದ್ದಿದರೆ ಎಲ್ಲ ಸೂತ್ರಗಳಿಗೂ ಸುದ್ದಿ ಮುಟ್ಟುತ್ತದೆ.

"ಬರೀ ಐದು ಅಂತ ಬರೆದ್ರೆ ಐದು ಏನು? ಐದು ಗ್ರಾಮಾ, ಐದು ಗಂಟೆನಾ, ಐದು ಮಕ್ಕಳಾ? ಹೆಸರಿಲ್ಲದ ಅಂಕಿನ ನಾನು ಮನೆಯೊಳಗೆ ಬಿಟ್ಕೊಳಲ್ಲ."

ಈ ಜಿಗುಟುತನಕ್ಕೆ ಹನ್ನೊಂದು ವರ್ಷ. ಆಗ ಅವರು ಇದೇ ಕೋಣೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಅದಕ್ಕೂ ಹಿಂದೆ ಏಳು ಗ್ರಾಮಿದ್ದ ಚಮಚ ಆ ವರ್ಷ ಐದಕ್ಕೆ ಇಳಿದಿತ್ತು. ಆಗಿನ ಆಹಾರ ತಜ್ಞೆ ಎಂಬತ್ತನಾಲ್ಕು ಸೂತ್ರಗಳಲ್ಲಿ ಏಳನ್ನು ಅಳಿಸಿ ಐದು ಬರೆಯುತ್ತಾ ಹೋದರು. ಒಂದರಲ್ಲಿ ಏಳೇ ಉಳಿದು, ಚಮಚಗಳ ಲೆಕ್ಕ ಕಡಿಮೆ ಬಂತು. ಆ ಒಂದರ ಕೂಸು ಎಂಟು ದಿನ ತೂಕವೇ ಏರಲಿಲ್ಲ. ವೈದ್ಯರು ರಕ್ತ ತೆಗೆದು ರೋಗ ಹುಡುಕಿದರು. ತಾಯಿ ಕಾರಿಡಾರಿನಲ್ಲಿ ಕೂತು, ತನ್ನ ಕೈಗುಣವೇ ಸರಿಯಿಲ್ಲ ಎಂದು ಅಳುತ್ತಿದ್ದಳು.

"ಹಾಲಿನ ಬಾಟಲಿ ಒಂದೇ ನೀರಿಗೆ ತಿಳಿಯಾಗಲ್ಲ. ಗಾಜಿಗೆ ಮಬ್ಬು ಅಂಟಿರುತ್ತೆ, ಎರಡನೇ ನೀರು ಹಾಕಬೇಕು. ಆ ಕೂಸಿನ ಬಾಟಲಿ ಮಾತ್ರ ಒಂದೇ ನೀರಿಗೆ ಫಳಫಳ ಅಂತಿತ್ತು. ಹಾಲು ನೀರಾಗಿದೆ ಅಂತ ಆಗಿನ ಮೇಡಂಗೆ ಹೋಗಿ ಹೇಳಿದೆ. ಬಾಟಲಿ ತೊಳೆಯೋಳಿಗೆ ಯಾಕೆ ಈ ಅಧಿಕಪ್ರಸಂಗ ಅಂದ್ರು. ಮೂರನೇ ಸಲ ಹೇಳಿದಾಗ ಪಟ್ಟಿ ತೆಗೆದು ನೋಡಿದ್ರು."

ಕೂಸು ಚೇತರಿಸಿಕೊಂಡಿತು. ತಪ್ಪು ಯಾರದೆಂದು ತಾಯಿಗೆ ಯಾರೂ ಹೇಳಲಿಲ್ಲ. ಅದು ಅನುಮಾನಕ್ಕನಿಗೆ ಇವತ್ತಿಗೂ ಮುಳ್ಳು. ಆ ವರ್ಷವೇ ಮಗಳ ಕಾಲೇಜು ಪುಸ್ತಕ ಇಟ್ಟುಕೊಂಡು ಸ್ಪ್ರೆಡ್‌ಶೀಟ್ ಕಲಿತರು. ಅಂಕಿಗೆ ಹೆಸರಿಡಬಹುದು ಎಂಬ ಪುಟ ಓದಿ, ಆ ರಾತ್ರಿ ಊಟಕ್ಕೆ ಏಳಲಿಲ್ಲವಂತೆ. ಮುಂದೆ ಪಟ್ಟಿಯ ಕೆಲಸ ಅವರ ಕೈಗೇ ಬಂತು. "ಗ್ಯಾಸ್ ಆರಿಸಿದ್ದನ್ನ ಮೂರು ಸಲ ನೋಡ್ತಾಳೆ ನಮ್ಮಮ್ಮ. ಕಂಪ್ಯೂಟರನ್ನ ಬಿಡ್ತಾಳಾ?" ಎಂದು ಮಗಳು ನಗುತ್ತಾಳೆ.

ಈಗ ಐದೂವರೆ. ಅನುಮಾನಕ್ಕ 'ಚಮಚ'ವನ್ನು ಐದರಿಂದ ನಾಲ್ಕಕ್ಕೆ ತಿದ್ದುತ್ತಾರೆ. ಕೆಳ ಮಹಡಿಯ ಪಟ್ಟಿಯಲ್ಲಿ ಅಂಕಿಗಳೆಲ್ಲ ಮೇಲೇರುತ್ತವೆ. ಅಷ್ಟಕ್ಕೆ ಬಿಡದೆ ಪೆನ್ಸಿಲ್ ತೆಗೆದು, ಒಂದೊಂದು ಪಟ್ಟಿಯಿಂದ ಒಂದೊಂದು ಕೂಸನ್ನು ಆರಿಸಿ ಕೈಯಲ್ಲೇ ಲೆಕ್ಕ ಮಾಡುತ್ತಾರೆ. ಮೇಲ್ಮಹಡಿಯ ಹನ್ನೊಂದನೇ ಹಾಸಿಗೆ: ದಿನಕ್ಕೆ ಎಂಬತ್ತು ಗ್ರಾಂ ಪುಡಿ, ಅಂದರೆ ಇಪ್ಪತ್ತು ಚಮಚ. ಪರದೆಯ ಮೇಲೆ ಹದಿನಾರು ಎಂದಿದೆ.

ಸೂತ್ರ ತೆರೆದರೆ ಅಲ್ಲಿ 'ಚಮಚ' ಎಂದೇ ಇದೆ. ಹೆಸರು ಸರಿಯಿದೆ, ಉತ್ತರ ತಪ್ಪಿದೆ. ಅನುಮಾನಕ್ಕ ಪೆನ್ಸಿಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡುತ್ತಾರೆ.

ಅಷ್ಟರಲ್ಲಿ ಈಗಿನ ಆಹಾರ ತಜ್ಞೆ ಒಳಗೆ ಬರುತ್ತಾರೆ. ಮಗಳ ವಯಸ್ಸಿನವರು.

"ಏನಕ್ಕ, ಇವತ್ತು ಯಾರ ಮೇಲೆ ಅನುಮಾನ?"

"ಮೇಲ್ಮಹಡಿ ಪಟ್ಟಿ ಹೇಗೆ ಮಾಡಿದ್ರಿ ಮೇಡಂ?"

"ಹೋದ ವಾರ ಕೆಳಗಿನ ಹಾಳೆನೇ ನಕಲು ಮಾಡಿ, ಕೂಸುಗಳ ವಿವರ ಬದಲಾಯಿಸಿದೆ. ಸೂತ್ರ ಮುಟ್ಟಲೇ ಇಲ್ಲ."

ಅನುಮಾನಕ್ಕ ಹೆಸರುಗಳ ಯಾದಿ ತೆರೆಯುತ್ತಾರೆ. 'ಚಮಚ' ಎರಡು ಕಡೆ ಇದೆ. ಒಂದು ಇಡೀ ಕಡತಕ್ಕೆ, ನಾಲ್ಕು. ಇನ್ನೊಂದು ಮೇಲ್ಮಹಡಿಯ ಹಾಳೆಗೆ ಮಾತ್ರ, ಐದು. ಹಾಳೆಯನ್ನು ನಕಲು ಮಾಡಿದಾಗ ಹೆಸರೂ ನಕಲಾಗಿ ಜೊತೆಗೆ ಹೋಗಿದೆ. ಮೇಲಿನ ಸೂತ್ರಗಳು ಪಕ್ಕದಲ್ಲೇ ಇರುವ ಐದನ್ನು ನಂಬಿ ಕೂತಿವೆ.

"ಅಯ್ಯೋ, ನನಗೆ ಗೊತ್ತೇ ಇರಲಿಲ್ಲ ಅಕ್ಕ."

"ನನಗೂ ಗೊತ್ತಿರಲಿಲ್ಲ. ಹೆಸರಿಟ್ಟ ಮೇಲೆ ಇನ್ನು ಚಿಂತೆ ಇಲ್ಲ ಅಂದ್ಕೊಂಡಿದ್ದೆ. ಅದೇ ನನ್ನ ತಪ್ಪು."

ಎರಡನೆಯದನ್ನು ಅಳಿಸುತ್ತಾರೆ. ಹದಿನಾರು ಇಪ್ಪತ್ತಾಗುತ್ತದೆ. ಮೇಲಿನ ಹತ್ತೊಂಬತ್ತು ಕೂಸುಗಳನ್ನೂ ಇಬ್ಬರೂ ಸೇರಿ ಪೆನ್ಸಿಲಿನಲ್ಲಿ ತಾಳೆ ನೋಡುತ್ತಾರೆ. ಗಾಡಿ ಆರು ಮೂವತ್ತೆಂಟಕ್ಕೆ ಹೊರಡುತ್ತದೆ. ಎಂಟು ನಿಮಿಷ ತಡವಾಗಿದ್ದಕ್ಕೆ ಮೇಲಿನಿಂದ ಫೋನಿನಲ್ಲಿ ಬೈಗುಳ ಬರುತ್ತದೆ. ಅನುಮಾನಕ್ಕ ಕಾರಣ ಹೇಳಿ, ಬೈಸಿಕೊಂಡು, ಫೋನು ಇಡುತ್ತಾರೆ.

ನಿವೃತ್ತಿಗೆ ನಾಲ್ಕು ವರ್ಷವಿದೆ. ಆಮೇಲೇನು ಆಸೆ? "ಈ ಕುರ್ಚಿಗೆ ಬರೋರು ನನ್ನನ್ನೂ ನಂಬಬಾರದು. ನಾನು ಬರೆದಿಟ್ಟಿದ್ದನ್ನೂ ಒಂದ್ಸಲ ತೂಗಿ ನೋಡಬೇಕು. ಅಷ್ಟೇ."

ಏಳೂವರೆಗೆ ಖಾಲಿ ಬಾಟಲಿಗಳು ಇಳಿದು ಬರುತ್ತವೆ. ಹನ್ನೊಂದನೇ ಹಾಸಿಗೆಯದನ್ನು ಹುಡುಕಿ ತೆಗೆದು, ನೀರು ತುಂಬಿ, ಕುಲುಕಿ, ಚೆಲ್ಲಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಗಾಜಿನ ಮೇಲೆ ತೆಳುವಾಗಿ ಮಬ್ಬು ನಿಂತಿದೆ.

"ಎರಡನೇ ನೀರು ಬೇಕು," ಎಂದು ಮತ್ತೆ ನಲ್ಲಿ ತಿರುಗಿಸುತ್ತಾರೆ. "ಇವತ್ತಿಗೆ ನಂಬ್ತೀನಿ."