ಕಾಳಿಗೆ ಕಿವಿಗೊಡುತ್ತಿದ್ದ ಸಾಕಮ್ಮತ್ತೆ

ಆ ಭಾನುವಾರ ಮಧ್ಯಾಹ್ನ ಕಟ್ಟೆಮಳಲವಾಡಿಯ ಮನೆಯ ಜಗುಲಿಯಲ್ಲಿ ಸಾಕಮ್ಮತ್ತೆ ಹಲಸಂದೆ ಚೀಲಕ್ಕೆ ಕಿವಿಯಿಟ್ಟು ಕೂತಿದ್ದರು. ನಾನು ಮಾತಾಡಲು ಹೋದರೆ ಕೈಯೆತ್ತಿ ತಡೆದರು. ಹುಳ ಕಾಳು ಕೊರೆಯುವ ಸದ್ದು ಅವರಿಗೆ ಕೇಳಿಸುತ್ತಿತ್ತು, ನಮಗ್ಯಾರಿಗೂ ಕೇಳಿಸುತ್ತಿರಲಿಲ್ಲ.

"ಬಿದ್ದೈತೆ ಕಣ್ಮಗ," ಎಂದರು, ಹಣೆ ಮುಟ್ಟಿ ಜ್ವರ ನೋಡಿದವರ ಹಾಗೆ.

ಅವರು ನನ್ನ ತಂದೆಯ ಅಕ್ಕ. ಬೀದಿಯ ಹೆಂಗಸರೆಲ್ಲ ಬಿತ್ತನೆ ಕಾಳನ್ನು ಅವರ ಮನೆಯಲ್ಲೇ ಇಡುತ್ತಿದ್ದರು. ಸರಿಯಾಗಿ ಒಣಗಿಸದೆ ತಂದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಬೈದು, ಕಾಳನ್ನು ತಾವೇ ಬಿಸಿಲಿಗೆ ಹರಡುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಕಾಳಿಗೆ ಬೂದಿ, ಬೇವಿನ ಸೊಪ್ಪು ಹಾಕುತ್ತಿದ್ದರು. ಆಮೇಲೆ ಹೊಗೆಸೊಪ್ಪಿನ ಹೊಲಕ್ಕೆ ತಂದ, ಹುಳ ಸಾಯಿಸುವ ಬಿಳಿ ಪುಡಿ ಮನೆಯೊಳಗೂ ಬಂತು. ಅತ್ತೆ ಅದನ್ನು ಬರಿಗೈಯಲ್ಲಿ ಕಾಳಿಗೆ ಕಲಸುತ್ತಿದ್ದರು. ಒಮ್ಮೆ ಹೇನಿಗೆಂದು ನನ್ನ ತಲೆಗೂ ಸವರಿದರು. ತಲೆ ಸುತ್ತಿ ವಾಂತಿಯಾದಾಗ ದೃಷ್ಟಿಯಾಗಿದೆ ಎಂದು ನೀವಾಳಿಸಿದರು.

ಆ ಭಾನುವಾರ ಹುಣಸೂರಿನಿಂದ ಕಾಳಿಗೆ ಹಾಕುವ ಗುಳಿಗೆ ತಂದಿದ್ದವಳು ನಾನೇ. ಈಗಿನ ಹುಳ ಬೂದಿಗೆಲ್ಲ ಬಗ್ಗುವುದಿಲ್ಲ ಎಂದು ಅವರೇ ತರಿಸಿದ್ದರು. ಅಂಗಡಿಯವನು ಎರಡು ಮಾತು ಹೇಳಿದ್ದ: ಮುಟ್ಟಿದ ಕೈ ತೊಳೆಯಬೇಕು, ಗುಳಿಗೆ ಹಾಕಿದ ಕಾಳನ್ನು ಜನ ಮಲಗುವ ಕೋಣೆಯಲ್ಲಿ ಇಡಬಾರದು. ನಾನು ಮೊದಲನೆಯದನ್ನು ಹೇಳುತ್ತಿದ್ದಂತೆ ಅತ್ತೆ ನಕ್ಕರು.

"ನಂಗೇ ಯೋಳ್ಕೊಡ್ತೀಯಾ? ನಿನ್ ತಲೆ ಹೇನು ತೆಗ್ದೋಳು ಕಣ್ಮಗ ನಾನು."

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಉಳಿದದ್ದನ್ನು ಫೋನಿನಲ್ಲಿ ಹೇಳೋಣ ಎಂದುಕೊಂಡು ಓಡಿದೆ. ಮನೆ ಸೇರಿದ ಮೇಲೆ ಕೆಲಸದಲ್ಲಿ ಮರೆತೆ. ಇಲಿಗಳಿಗೆ ಹೆದರಿ ಅತ್ತೆ ಕಾಳು ತುಂಬಿಡುವ ಡ್ರಮ್ಮನ್ನು ತಮ್ಮ ಮಂಚದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಚಳಿಗಾಲವಾದ್ದರಿಂದ ಕಿಟಕಿಯನ್ನೂ ಮುಚ್ಚಿ ಮಲಗುತ್ತಿದ್ದರು. ಎರಡೂ ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಜಯಮ್ಮ ಫೋನ್ ಮಾಡಿ, ಅತ್ತೆಗೆ ವಾಂತಿ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ತಂದಿದ್ದೇವೆ ಎಂದಳು. ನಾನು ಹೋದಾಗ ಅತ್ತೆಗೆ ಇನ್ನೂ ಎಚ್ಚರವಿತ್ತು. ಮಂಚದ ಪಕ್ಕ ಕಾಳಿನ ಡ್ರಮ್ಮಿತ್ತು ಎಂದು ಜಯಮ್ಮ ಹೇಳಿದ್ದರಿಂದ, ಕಾಳಿಗೆ ಏನು ಹಾಕಿದ್ದಿರಿ ಎಂದು ಡಾಕ್ಟರು ಕೇಳಿದರು. ಗುಳಿಗೆಯ ವಿಷಯ ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಅದರ ಗಾಳಿಯೇ ವಿಷ ಎಂದರು. ಅತ್ತೆ ಒಪ್ಪಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ನೀನ್ ಯೋಳ್ದಂಗೇ ಕೈ ತೊಳ್ಕಂಡೆ ಕಣ್ಮಗ. ಸೋಪಾಕಿ, ಎರಡ್ ಸಲ."

ಮಧ್ಯಾಹ್ನದ ಹೊತ್ತಿಗೆ ಅತ್ತೆ ತೀರಿಕೊಂಡರು.

ಅತ್ತೆಯದೇ ತಪ್ಪು ಎಂದು ಊರಿನವರು ಮಾತಾಡಿಕೊಂಡರು. ನಾನು ಹೇಳಿದ್ದನ್ನೆಲ್ಲ ಅತ್ತೆ ಮಾಡಿದ್ದರು. ಎರಡನೆಯ ಮಾತನ್ನು ನಾನು ಹೇಳಲೇ ಇಲ್ಲ. ಈಗ ಹೇಳೋಣವೆಂದರೆ ಅತ್ತೆ ಇಲ್ಲ.